ಹಾಜರಿ ನೂರಕ್ಕೆ ನೂರು

ಅಣ್ಣ: ಪಿಯುಸಿ ಫಲಿತಾಂಶ ಬಂದಾಗಿನಿಂದ ಮನೇಲಿ ಎಲ್ಲರೂ ನನ್ನ ಮಗಳ ಮುಂದಿನ ದಾರಿ ಹೇಳೋರೇ. ಇವಳದ್ದು ಮಾತ್ರ ಒಂದೇ ಹಟ, ಬಿ.ಎಸ್ಸಿ. ನರ್ಸಿಂಗೇ ಮಾಡ್ತೀನಿ ಅಂತ. ನೀನು ಆಸ್ಪತ್ರೇಲೂ ಕೆಲಸ ಮಾಡಿದೋಳು, ಈಗ ಪಾಠಾನೂ ಮಾಡ್ತಿದ್ದೀಯ. ಆ ಡಿಗ್ರಿ ಕೈಗೆ ಬರ್ಬೇಕು ಅಂದ್ರೆ ಏನೇನು ಆಗ್ಬೇಕು, ಹೇಳಮ್ಮ.

ತಂಗಿ: ಪರವಾಗಿಲ್ಲ ಅಣ್ಣ. ಬರೋರೆಲ್ಲ ಸೀಟು ಸಿಗೋಕೆ ಏನು ಬೇಕು ಅಂತ ಕೇಳ್ತಾರೆ, ಡಿಗ್ರಿ ಸಿಗೋಕೆ ಏನು ಬೇಕು ಅಂತ ಯಾರೂ ಕೇಳಲ್ಲ. ಸೀಟಿನ ಲೆಕ್ಕ ಎರಡು ನಿಮಿಷದ್ದು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಶೇಕಡಾ 45 ಬಂದಿರ್ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 40. ಇಂಗ್ಲಿಷ್ ಪಾಸಾಗಿರ್ಬೇಕು. ಸೇರೋ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರ್ಬೇಕು. ದೇಹ ಈ ಕೆಲಸಕ್ಕೆ ತಡೆಯುತ್ತೆ ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ಮೊದಲೆಲ್ಲ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಹೋದ್ರೆ ಸೇರಿಸ್ಕೊಳ್ತಿದ್ರು. ಈಗ ಸಿಇಟಿ ಬರೆದು, ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಸೀಟು ತಗೋಬೇಕು.

ಅಣ್ಣ: ಸಿಇಟಿ ಬರೆದಿದ್ದಾಳೆ. ಮಾರ್ಕ್ಸೂ 45ಕ್ಕಿಂತ ಎಷ್ಟೋ ಮೇಲಿದೆ. ಹಾಗಾದ್ರೆ ಅರ್ಧ ಕೆಲಸ ಮುಗೀತು ಅನ್ನು.

ತಂಗಿ: ಅರ್ಧ ಎಲ್ಲಿ ಬಂತು? ಇನ್ನೂ ಬಾಗಿಲ ಹತ್ತಿರಾನೂ ಬಂದಿಲ್ಲ.

ಅಣ್ಣ: ಮುಚ್ಚುಮರೆ ಯಾಕೆ, ಇನ್ನೊಂದು ವಿಷಯಾನೂ ಹೇಳಿಬಿಡ್ತೀನಿ. ಪೇಟೆಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದ. ಬೆಂಗಳೂರಲ್ಲಿ ಒಂದು ಕಾಲೇಜಿದೆಯಂತೆ. ಫೀಸು ಕಟ್ಟಿದ್ರೆ ಸಾಕು, ಹುಡುಗಿ ಮನೇಲೇ ಇರ್ಬಹುದು, ಪರೀಕ್ಷೆ ಹೊತ್ತಿಗೆ ಕಳ್ಸಿದ್ರೆ ಆಯ್ತು, ಹಾಜರಿ ಅವರೇ ನೋಡ್ಕೊಳ್ತಾರೆ ಅಂದ. ನಿಮ್ಮತ್ತಿಗೆಗೂ ಹುಷಾರಿಲ್ಲ, ಮನೇಲಿ ಒಂದು ಕೈ ಇದ್ದ ಹಾಗಾಗತ್ತೆ. ಹಾಸ್ಟೆಲ್ ಖರ್ಚೂ ಉಳಿಯತ್ತೆ.

ತಂಗಿ: ಅವನ ಮಾತನ್ನ ಈಗಲೇ ತೆಗೆದುಹಾಕಲ್ಲ. ಮೊದಲು ನಾಲ್ಕು ವರ್ಷದಲ್ಲಿ ಏನಾಗತ್ತೆ ಅಂತ ಪೂರ್ತಿ ಕೇಳಿಸ್ಕೋ. ಆಮೇಲೆ ಆ ಏಜೆಂಟ್ ನಿನಗೆ ಮಾರ್ತಿರೋದು ಏನು ಅಂತ ನೀನೇ ಹೇಳು.

ಅಣ್ಣ: ಸರಿ, ಹೇಳು.

ತಂಗಿ: 2021ರಿಂದ ಇಡೀ ದೇಶಕ್ಕೆ ಹೊಸ ಪಠ್ಯಕ್ರಮ ಬಂತು. ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾಡಿದ್ದು. ನಮ್ಮ ಕಾಲದ ವರ್ಷಕ್ಕೊಂದು ಪರೀಕ್ಷೆ ಹೋಯ್ತು, ಈಗ ಎಂಟು ಸೆಮಿಸ್ಟರ್. ಮೊದಲ ಏಳರಲ್ಲಿ ಒಂದೊಂದಕ್ಕೂ 20 ವಾರ, ವಾರಕ್ಕೆ 40 ಗಂಟೆ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್, ಅನಾಟಮಿ, ಫಿಸಿಯಾಲಜಿ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಜೊತೆಗೆ ನರ್ಸಿಂಗಿನ ಮೂಲ ಪಾಠ. ಆಮೇಲೆ ಬಯೋಕೆಮಿಸ್ಟ್ರಿ, ಪೌಷ್ಟಿಕ ಆಹಾರ, ಸೂಕ್ಷ್ಮಜೀವಿಶಾಸ್ತ್ರ, ಫಾರ್ಮಕಾಲಜಿ, ಪೆಥಾಲಜಿ. ಮುಂದೆ ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಹೆರಿಗೆ, ಸಂಶೋಧನೆ. ವಿಧಿವಿಜ್ಞಾನ, ಕಾನೂನು ಕೂಡ ಸ್ವಲ್ಪ ಇದೆ.

ಅಣ್ಣ: ಕಾನೂನು ಯಾಕೆ ನರ್ಸಿಗೆ?

ತಂಗಿ: ರಾತ್ರಿ ಹನ್ನೊಂದಕ್ಕೆ ಒಬ್ಬ ಹೆಂಗಸನ್ನ ಕರ್ಕೊಂಡು ಬಂದು ಮೆಟ್ಟಿಲಿಂದ ಬಿದ್ದಳು ಅಂತಾರೆ. ಮೈಮೇಲಿನ ಗಾಯ ಬೇರೆ ಕಥೆ ಹೇಳತ್ತೆ. ಅವಳ ಬಟ್ಟೆ ಬಿಚ್ಚಿಸೋದು, ಗಾಯ ಒರೆಸೋದು, ಅವಳ ಮಾತು ಮೊದಲು ಕೇಳಿಸ್ಕೊಳ್ಳೋದು ಯಾರು? ನರ್ಸೇ ಅಲ್ವಾ? ಯಾವುದನ್ನ ತೊಳೀಬಾರದು, ಏನನ್ನ ಬರೆದಿಡ್ಬೇಕು ಅಂತ ಅವಳಿಗೆ ಗೊತ್ತಿರ್ಬೇಕು.

ಅಣ್ಣ: ಅದೂ ನಿಜವೇ. ಇಷ್ಟೆಲ್ಲ ವಿಷಯ ಇದ್ದರೂ ಓದಿ ಬರೆದ್ರೆ ಮುಗೀತಲ್ಲ? ಇವಳಿಗೆ ಓದೋದೇನು ಕಷ್ಟ ಇಲ್ಲ.

ತಂಗಿ: ಇಲ್ಲೇ ಜನ ಎಡವೋದು. ಕ್ರೆಡಿಟ್ ಲೆಕ್ಕ ಕೇಳು. ತರಗತಿ ಪಾಠಕ್ಕೆ ವಾರಕ್ಕೆ ಒಂದು ಗಂಟೆಯಂತೆ 20 ಗಂಟೆ ಕೂತ್ರೆ ಒಂದು ಕ್ರೆಡಿಟ್. ಲ್ಯಾಬ್‌ನಲ್ಲಿ ಅದಕ್ಕೆ 40 ಗಂಟೆ. ವಾರ್ಡಿನಲ್ಲಾದ್ರೆ ಅದೇ ಒಂದು ಕ್ರೆಡಿಟ್‌ಗೆ 80 ಗಂಟೆ ನಿಲ್ಲಬೇಕು. ಮೂರನೇ ಸೆಮಿಸ್ಟರ್‌ನಲ್ಲಿ ದೊಡ್ಡವರ ಆರೈಕೆ ಅಂತ ಒಂದು ವಿಷಯ ಇದೆ. ಅದೊಂದಕ್ಕೇ ತರಗತಿ ಪಾಠ 140 ಗಂಟೆ, ವಾರ್ಡು 480 ಗಂಟೆ. ಈ ಡಿಗ್ರಿಯ ಭಾರ ಯಾವ ಕಡೆ ಇದೆ ಅಂತ ಗೊತ್ತಾಯ್ತಾ?

ಅಣ್ಣ: 480 ಗಂಟೆ ಅಲ್ಲಿ ಏನು ಮಾಡ್ತಾರೆ? ನಾನು ನೋಡಿದ ಹಾಗೆ ನರ್ಸಿಂಗ್ ಮಕ್ಕಳು ಗುಂಪು ಗುಂಪಾಗಿ ಗೋಡೆಗೆ ಒರಗಿ ನಿಂತಿರ್ತಾರೆ. ಡಾಕ್ಟರು ಬಂದ್ರೆ ಪುಸ್ತಕ ತೆಗೀತಾರೆ.

ತಂಗಿ: ಗೋಡೆಗೆ ಒರಗಿ ನಿಲ್ಲೋರೂ ಇದ್ದಾರೆ, ಇಲ್ಲ ಅನ್ನಲ್ಲ. ಮೂವತ್ತು ಮಕ್ಕಳನ್ನ ಹತ್ತು ರೋಗಿ ಇರೋ ವಾರ್ಡಿಗೆ ಬಿಟ್ರೆ ಇನ್ನೇನಾಗತ್ತೆ? ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರ್ಬೇಕು ಅಂತ ನಿಯಮ ಇರೋದು ಅದಕ್ಕೇ. ಕಾಲೇಜಿಗೆ ಸ್ವಂತದ್ದು ನೂರು ಹಾಸಿಗೆಯ ಆಸ್ಪತ್ರೆ ಇರ್ಬೇಕು ಅನ್ನೋದೂ ಅದಕ್ಕೇ. ಆದರೆ ಸರಿಯಾಗಿ ನಡೆಯೋ ಕಡೆ ಏನು ಕಲೀತಾರೆ, ಒಂದು ಉದಾಹರಣೆ ಕೊಡ್ಲಾ? ಉಸಿರು ಎಣಿಸೋದು.

ಅಣ್ಣ: ಉಸಿರು ಎಣಿಸೋಕೆ ಡಿಗ್ರಿ ಬೇಕಾ?

ತಂಗಿ: ನಿನ್ನ ಉಸಿರು ನಾನು ಎಣಿಸ್ತೀನಿ ಅಂದೆ ಅಂದ್ಕೋ. ತಕ್ಷಣ ನಿನ್ನ ಉಸಿರು ಬದಲಾಗತ್ತೆ. ಗಮನ ಅಲ್ಲಿಗೆ ಹೋದ್ರೆ ಯಾರಿಗೂ ಸಹಜವಾಗಿ ಉಸಿರಾಡೋಕೆ ಆಗಲ್ಲ. ಅದಕ್ಕೆ ಮೊದಲು ಮಣಿಕಟ್ಟು ಹಿಡಿದು ನಾಡಿ ಎಣಿಸ್ಬೇಕು. ಎಣಿಸಿ ಮುಗಿದ ಮೇಲೂ ಬೆರಳು ತೆಗೀಬಾರದು. ನಾಡಿ ನೋಡ್ತಿರೋ ಹಾಗೇ ಇದ್ದು, ಕಣ್ಣನ್ನ ಎದೆ ಕಡೆಗೆ ತಿರುಗಿಸಿ ಒಂದು ಪೂರ್ತಿ ನಿಮಿಷ ಎಣಿಸ್ಬೇಕು. ಬರೀ ಎಣಿಕೆ ಅಲ್ಲ, ಎದೆ ಎರಡೂ ಕಡೆ ಒಂದೇ ಥರ ಏಳ್ತಿದೆಯಾ, ಕತ್ತಿನ ಸ್ನಾಯು ಎಳೀತಿದೆಯಾ, ಮಾತಾಡುವಾಗ ಮಧ್ಯದಲ್ಲಿ ಉಸಿರಿಗೆ ನಿಲ್ಲಿಸ್ತಾರಾ, ಎಲ್ಲ ನೋಡ್ಬೇಕು. ಬಿಪಿ ಇಳಿಯೋಕೆ ಎಷ್ಟೋ ಹೊತ್ತು ಮೊದಲೇ ಉಸಿರು ಏರಿರತ್ತೆ. ರೋಗಿ ಕೈ ಮೀರಿ ಹೋಗ್ತಿದ್ದಾರೆ ಅನ್ನೋ ಮೊದಲ ಸುಳಿವು ಅದು. ಎಷ್ಟೋ ಕೇಸ್ ಶೀಟ್ ತೆಗೆದು ನೋಡು, ಎಲ್ಲ ರೋಗಿಗೂ ಎಲ್ಲ ಹೊತ್ತಿಗೂ ನಿಮಿಷಕ್ಕೆ 20 ಅಂತಲೇ ಬರೆದಿರ್ತಾರೆ. ಎಣಿಸದೆ ಬರೆದಿದ್ದು ಅಂತ ನೋಡಿದ ತಕ್ಷಣ ಹೇಳ್ಬಹುದು.

ಅಣ್ಣ: ಅಯ್ಯೋ! ಅಮ್ಮ ಆಸ್ಪತ್ರೇಲಿದ್ದಾಗ ಬೆಳಗ್ಗೆಯಿಂದ ರಾತ್ರಿವರೆಗೂ 20 ಅಂತಲೇ ಬರೆದಿದ್ರು. ನಾನು ಒಳ್ಳೇದಾಯ್ತು, ಏರುಪೇರಿಲ್ಲ ಅಂದ್ಕೊಂಡೆ.

ತಂಗಿ: ನಾನೂ ನೋಡಿದ್ದೆ.

ಅಣ್ಣ: ಹೂಂ. ಲೆಕ್ಕ ಗಿಕ್ಕ ಇದೆಯಾ ಇದರಲ್ಲಿ? ಇವಳು ಗಣಿತದಲ್ಲಿ ಸ್ವಲ್ಪ ಹಿಂದೆ.

ತಂಗಿ: ದಿನಾ ಇರತ್ತೆ, ಆದರೆ ಏಳನೇ ಕ್ಲಾಸಿನ ಲೆಕ್ಕ. 500 ಎಂ.ಎಲ್. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗ್ಬೇಕು. ಸೆಟ್‌ನಲ್ಲಿ 20 ಹನಿ ಬಿದ್ರೆ ಒಂದು ಎಂ.ಎಲ್. ನಿಮಿಷಕ್ಕೆ ಎಷ್ಟು ಹನಿ ಬಿಡ್ಬೇಕು?

ಅಣ್ಣ: ಐನೂರು ಇಪ್ಪತ್ತಲಿ ಹತ್ತು ಸಾವಿರ ಹನಿ. ನಾಲ್ಕು ಗಂಟೆ ಅಂದ್ರೆ 240 ನಿಮಿಷ. ನಲವತ್ತೊಂದು, ಮೇಲೆ ಸ್ವಲ್ಪ.

ತಂಗಿ: 42 ಅಂತ ಇಟ್ಕೋ. ಕೊಬ್ಬರಿ ವ್ಯಾಪಾರ ಮಾಡೋನಿಗೆ ಬಂತಲ್ಲ, ಅವಳಿಗೂ ಬರತ್ತೆ. ಕಷ್ಟ ಅದಲ್ಲ. ರಾತ್ರಿ ಮೂರು ಗಂಟೆಗೆ, ಎರಡು ಕಡೆ ಬೆಲ್ ಹೊಡೀತಿರುವಾಗ, ಗಡಿಯಾರ ಕಣ್ಣೆದುರು ಹಿಡಿದು ಹನಿ ಎಣಿಸೋ ಅಭ್ಯಾಸ ಕೈಗೆ ಹತ್ತಬೇಕು. ಔಷಧದ ಲೇಬಲ್ ಮೂರು ಸಲ ಓದೋದೂ ಹಾಗೇ. ಶೆಲ್ಫಿನಿಂದ ತೆಗೆಯುವಾಗ ಒಂದು ಸಲ, ಸಿರಿಂಜಿಗೆ ಎಳೆಯುವಾಗ ಒಂದು ಸಲ, ಇಡುವಾಗ ಇನ್ನೊಂದು ಸಲ. ಪೊಟ್ಯಾಸಿಯಂ ಕ್ಲೋರೈಡ್ ಅಂತ ಒಂದು ಇಂಜೆಕ್ಷನ್ ಇದೆ, ನೋಡೋಕೆ ನೀರಿನ ಹಾಗೇ ಇರತ್ತೆ. ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಕೊಟ್ರೆ ಔಷಧ. ಬೇರೆ ಏನೋ ಅಂದ್ಕೊಂಡು ನೇರ ರಕ್ತನಾಳಕ್ಕೆ ತಳ್ಳಿದ್ರೆ ಹೃದಯ ನಿಂತುಹೋಗತ್ತೆ. ಇದನ್ನ ಪರೀಕ್ಷೇಲಿ ಬರೆಯೋಕೆ ಎಲ್ಲರಿಗೂ ಬರತ್ತೆ.

ಅಣ್ಣ: ಈಗ ಪರೀಕ್ಷೆ ವಿಷಯ ಹೇಳು. ಎಷ್ಟು ಬಂದ್ರೆ ಪಾಸು?

ತಂಗಿ: ಥಿಯರಿಯಲ್ಲಿ 50, ಪ್ರಾಕ್ಟಿಕಲ್‌ನಲ್ಲಿ 50, ಎರಡೂ ಬೇರೆ ಬೇರೆ. ಒಂದರಲ್ಲಿ 80 ತೆಗೆದು ಇನ್ನೊಂದರಲ್ಲಿ 45 ಬಂದ್ರೆ ಫೇಲು. ಆದರೆ ಇಂಗ್ಲಿಷಿಗೆ 40 ಸಾಕು, ಅಲ್ಲಿ ಸ್ವಲ್ಪ ಕರುಣೆ ತೋರಿಸಿದ್ದಾರೆ. ಥಿಯರಿಯ ನೂರರಲ್ಲಿ 25 ಒಳಗಿನ ಅಂಕ, ಕಾಲೇಜು ಕೊಡೋದು. 75 ವಿಶ್ವವಿದ್ಯಾಲಯದ ಪರೀಕ್ಷೆ. ಪ್ರಾಕ್ಟಿಕಲ್‌ಗೆ ಅರ್ಧ ಅರ್ಧ. ನಮ್ಮಲ್ಲಿ ವಿಶ್ವವಿದ್ಯಾಲಯ ಅಂದ್ರೆ ಬಹುಪಾಲು ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾಯ್ತು. ಅಷ್ಟೇ ಅಲ್ಲ, ಪಠ್ಯದೊಳಗೇ ಕಡ್ಡಾಯದ ಮಾಡ್ಯೂಲ್‌ಗಳಿವೆ. ಪ್ರಥಮ ಚಿಕಿತ್ಸೆ, ಹೃದಯ ನಿಂತವರಿಗೆ ಎದೆ ಒತ್ತೋದು, ನವಜಾತ ಶಿಶುವಿನ ಆರೈಕೆ, ಸಾಯೋ ಹಂತದವರ ನೋವು ಕಡಿಮೆ ಮಾಡೋ ಆರೈಕೆ. ಅವುಗಳಲ್ಲೂ ಒಂದೊಂದರಲ್ಲಿ 50 ಬರ್ಬೇಕು.

ಅಣ್ಣ: ಫೇಲಾದ್ರೆ?

ತಂಗಿ: ಮತ್ತೆ ಬರೀಬಹುದು. ಆದರೆ ಸೇರಿದ ದಿನದಿಂದ ಎಂಟು ವರ್ಷದೊಳಗೆ ಎಲ್ಲ ಮುಗಿಸ್ಬೇಕು. ಅದು ಮೀರಿದ್ರೆ ಡಿಗ್ರಿ ಇಲ್ಲ.

ಅಣ್ಣ: ಇನ್ನು ಹಾಜರಿ. ನಾನು ಕಾಯ್ತಿದ್ದಿದ್ದೇ ಇದಕ್ಕೆ.

ತಂಗಿ: ಪರೀಕ್ಷೆಗೆ ಕೂರೋಕೆ ಪ್ರತಿ ವಿಷಯದಲ್ಲೂ ಥಿಯರಿಗೆ ಶೇಕಡಾ 80, ಪ್ರಾಕ್ಟಿಕಲ್‌ಗೆ ಶೇಕಡಾ 80.

ಅಣ್ಣ: ಅಂದ್ರೆ ನೂರಕ್ಕೆ ಇಪ್ಪತ್ತು ತಪ್ಪಿಸ್ಕೋಬಹುದು.

ತಂಗಿ: ತರಗತಿಯನ್ನ. ವಾರ್ಡನ್ನಲ್ಲ. ಜ್ವರ ಬಂತು, ಮನೇಲಿ ಮದುವೆ ಇತ್ತು ಅಂತ ವಾರ್ಡು ತಪ್ಪಿಸಿ 80 ತೋರಿಸಿ ಪರೀಕ್ಷೆ ಬರೀಬಹುದು. ಆದರೆ ಡಿಗ್ರಿ ಕೊಡೋ ಮೊದಲು ಆ ತಪ್ಪಿದ 20ನ್ನೂ ತುಂಬಿಕೊಡ್ಬೇಕು. ವಾರ್ಡಿನ ಹಾಜರಿ ನೂರಕ್ಕೆ ನೂರು. ನಿಯಮದಲ್ಲಿ ಹಾಗೇ ಬರೆದಿದೆ. ರಜೆಯಲ್ಲೋ ಭಾನುವಾರವೋ ಬಂದು ಡ್ಯೂಟಿ ಮಾಡಿ ತೀರಿಸ್ಬೇಕು. ಇಡೀ ನಿಯಮಾವಳಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರೋದು ಈ ಒಂದು ಸಾಲಿನ ಮೇಲೆ. ಅತಿ ಹೆಚ್ಚು ಮೋಸ ನಡೆಯೋದೂ ಅದರ ಮೇಲೇ.

ಅಣ್ಣ: ಹಾಜರಿ ಪುಸ್ತಕ ಕಾಲೇಜಿನವರ ಕೈಲಿರತ್ತೆ. ಅವರೇ ನೂರು ಅಂತ ಬರೆದುಬಿಟ್ರೆ?

ತಂಗಿ: ಬರೀತಾರೆ. ತಪಾಸಣೆಗೆ ಬರ್ತಾರೆ ಅಂದ್ರೆ ಊರಿನವರನ್ನ ಕರೆಸಿ ಹಾಸಿಗೆ ಮೇಲೆ ಮಲಗಿಸಿ, ಕೈಗೆ ಬಟ್ಟೆ ಸುತ್ತಿದ ಕಡೆಗಳ ಕಥೆ ನಮ್ಮ ವೃತ್ತೀಲಿ ಎಲ್ಲರೂ ಕೇಳಿದ್ದಾರೆ. ನಿನ್ನ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಣ್ಣ. ಅಂಥ ಕಾಲೇಜುಗಳಿವೆ.

ಅಣ್ಣ: ಹಾಗೆ ಪಾಸಾದೋರು ಕೆಲಸಾನೂ ಮಾಡ್ತಿದ್ದಾರೆ ತಾನೇ?

ತಂಗಿ: ಮಾಡ್ತಿದ್ದಾರೆ. ಅದನ್ನೂ ಒಪ್ತೀನಿ. ಕೆಲಸಕ್ಕೆ ತಗೊಳ್ಳುವಾಗ ನಾವು ಪ್ರಶ್ನೆ ಕೇಳೋದಕ್ಕಿಂತ ಹೆಚ್ಚಾಗಿ ಕೈ ನೋಡ್ತೀವಿ. ಒಂದು ಟ್ರೇ ಕೊಟ್ಟು ಡ್ರೆಸಿಂಗ್‌ಗೆ ಸಿದ್ಧ ಮಾಡು ಅಂತೀವಿ. ಗ್ಲೌಸ್ ಹಾಕಿದ ಕೈಯಲ್ಲೇ ಮುಖದ ಕೂದಲು ಸರಿ ಮಾಡ್ಕೊಂಡ್ರೆ ಗೊತ್ತಾಯ್ತು, ಇವಳು ವಾರ್ಡು ನೋಡಿಲ್ಲ. ಅಂಥವರು ಸಿಗೋ ಕಡೆ ಸಿಕ್ಕಿದ ಸಂಬಳಕ್ಕೆ ಸೇರ್ಕೊಂಡು, ರೋಗಿಗಳ ಮೇಲೇ ಕಲೀತಾರೆ. ಮೊದಲ ರಾತ್ರಿ ಡ್ಯೂಟಿಗೆ ಮೂವತ್ತು ರೋಗಿಗಳ ವಾರ್ಡಿನಲ್ಲಿ ಒಬ್ಬಳೇ ಇರ್ತಾಳೆ. ಏನಾದ್ರೂ ಆದ್ರೆ ಕಾಲೇಜೂ ಬರಲ್ಲ, ಏಜೆಂಟೂ ಬರಲ್ಲ. ರಿಜಿಸ್ಟ್ರೇಶನ್ ನಂಬರ್ ಅವಳದ್ದು, ಸಹಿ ಅವಳದ್ದು.

ಅಣ್ಣ: ಇಷ್ಟು ಹೇಳಿದ್ರೆ ಸಾಕಮ್ಮ, ಎದೆ ನಡುಗತ್ತೆ.

ತಂಗಿ: ಇನ್ನೂ ಲಾಗ್‌ಬುಕ್ ವಿಷಯ ಹೇಳಿಲ್ಲ. ಪ್ರತಿ ವಿಷಯಕ್ಕೂ ಇಷ್ಟಿಷ್ಟು ಕೆಲಸ ಕೈಯಾರೆ ಮಾಡಿರ್ಬೇಕು ಅಂತ ಪಟ್ಟಿ ಇರತ್ತೆ. ಹಾಸಿಗೆ ಹಾಸೋದು, ಮಲಗಿದ ರೋಗಿಗೆ ಮೈ ಒರೆಸೋದು, ಕ್ಯಾತಿಟರ್ ಹಾಕೋದು, ಮೂಗಿನ ನಳಿಕೆಯಲ್ಲಿ ಆಹಾರ ಕೊಡೋದು. ಮಾಡಿದ್ದನ್ನ ಟ್ಯೂಟರ್ ಪಕ್ಕದಲ್ಲೇ ನಿಂತು ನೋಡಿ ಸಹಿ ಹಾಕ್ಬೇಕು. ಹಾಸಿಗೆ ಹಾಸೋದಕ್ಕೂ ಸಹಿನಾ ಅಂತ ಮಕ್ಕಳು ಮೊದಲ ವಾರ ನಗ್ತಾರೆ. ಅಲುಗಾಡೋಕೆ ಆಗದ ರೋಗಿಯ ಬೆನ್ನ ಕೆಳಗೆ ಒಂದು ಸುಕ್ಕು ಉಳಿದ್ರೆ ಅಲ್ಲಿ ಹುಣ್ಣಾಗತ್ತೆ ಅಂತ ಕಣ್ಣಾರೆ ನೋಡಿದ ಮೇಲೆ ನಗೋದು ನಿಲ್ಲತ್ತೆ.

ಅಣ್ಣ: ನೀನು ಓದುವಾಗ ರಾತ್ರಿಯೆಲ್ಲ ಹೆರಿಗೆ ವಾರ್ಡಲ್ಲಿ ಕಾಯ್ತಿದ್ದೆ ಅಂತ ಅಪ್ಪ ಬೈತಿದ್ರು. ಅದೂ ಇದೇ ಲೆಕ್ಕಾನಾ?

ತಂಗಿ: ಅದೇ. ನಮ್ಮ ಪಠ್ಯದಲ್ಲಿ 20 ಸಹಜ ಹೆರಿಗೆ ನಾವೇ ಮಾಡಿಸಿರ್ಬೇಕು, 30 ಗರ್ಭಿಣಿಯರನ್ನ ಪರೀಕ್ಷೆ ಮಾಡಿರ್ಬೇಕು, 20 ಬಾಣಂತಿಯರನ್ನ ನೋಡ್ಕೊಂಡಿರ್ಬೇಕು ಅಂತ ಇತ್ತು. ಒಂದೊಂದಕ್ಕೂ ಕೇಸ್ ಬುಕ್‌ನಲ್ಲಿ ಪುಟಗಟ್ಟಲೆ ಬರೀಬೇಕು. ಹೆರಿಗೆ ಹಗಲು ಹೊತ್ತು ನೋಡ್ಕೊಂಡು ಬರಲ್ಲ. ಡಾಕ್ಟರ್ ಓದೋ ಮಕ್ಕಳೂ ಅದೇ ಕೇಸಿಗೆ ಕಾಯ್ತಿರ್ತಾರೆ. ಹಾಗಾಗಿ ಮಧ್ಯರಾತ್ರಿ ಯಾವ ಅಕ್ಕನಿಗೆ ನೋವು ಶುರುವಾಯ್ತು ಅಂತ ಕಿವಿ ನೆಟ್ಟು ಕೂತಿರ್ತಿದ್ವಿ.

ಅಣ್ಣ: ಕೂತು ಏನು ಮಾಡ್ತಿದ್ರಿ ಅಷ್ಟು ಹೊತ್ತು?

ತಂಗಿ: ಹೊಟ್ಟೆ ಮೇಲೆ ಅಂಗೈ ಇಟ್ಕೊಂಡು ಕೂರೋದೇ ದೊಡ್ಡ ಕೆಲಸ. ಗರ್ಭಕೋಶ ಗಟ್ಟಿಯಾಗೋದು ಕೈಗೆ ಗೊತ್ತಾಗತ್ತೆ, ಅವಳು ಮುಖ ಹಿಂಡೋಕೆ ಸ್ವಲ್ಪ ಮೊದಲೇ. ಹತ್ತು ನಿಮಿಷದಲ್ಲಿ ಎಷ್ಟು ಸಲ ಬಂತು, ಒಂದೊಂದೂ ಎಷ್ಟು ಸೆಕೆಂಡ್ ನಿಂತಿತು, ಮಧ್ಯೆ ಪೂರ್ತಿ ಸಡಿಲ ಆಯ್ತಾ, ಮಗುವಿನ ಹೃದಯಬಡಿತ ಏನು ಅಂತ ಪಾರ್ಟೋಗ್ರಾಫ್ ಹಾಳೆಯಲ್ಲಿ ಗುರುತು ಹಾಕ್ತಾ ಹೋಗ್ಬೇಕು. ಆ ಗೆರೆ ಒಂದು ಮಿತಿ ದಾಟಿದ್ರೆ ಡಾಕ್ಟರನ್ನ ಎಬ್ಬಿಸ್ಬೇಕು. ಡಾಕ್ಟರು ರೇಗಿದ್ರೂ ಎಬ್ಬಿಸ್ಬೇಕು. ಮಗು ಹೊರಗೆ ಬಂದ ಮೇಲೆ ಒರೆಸಿ ತಾಯಿ ಎದೆ ಮೇಲೆ ಮಲಗಿಸಿ, ಅತ್ತಿತಾ ಅಂತ ನೋಡಿ, ಕನಿಷ್ಠ ಒಂದು ನಿಮಿಷ ಬಿಟ್ಟು ಹೊಕ್ಕುಳಬಳ್ಳಿ ಕತ್ತರಿಸ್ಬೇಕು. ಅಲ್ಲಿಗೂ ಮುಗಿಯಲ್ಲ. ಮಾಸು ಪೂರ್ತಿ ಬಂತಾ ಅಂತ ತಿರುಗಿಸಿ ನೋಡ್ಬೇಕು, ರಕ್ತ ಎಷ್ಟು ಹೋಯ್ತು ಅಂತ ಅಂದಾಜು ಮಾಡ್ಬೇಕು. ತಾಯಂದಿರು ಸಾಯೋದು ಹೆಚ್ಚಾಗಿ ಈ ಹೊತ್ತಿನಲ್ಲಿ, ಮನೆಯವರೆಲ್ಲ ಹೊರಗೆ ಸಿಹಿ ಹಂಚ್ತಿರುವಾಗ.

ಅಣ್ಣ: ಈಗಿನವರಿಗೂ 20 ಹೆರಿಗೆನಾ?

ತಂಗಿ: ಈಗ ಲೆಕ್ಕವನ್ನ ಆರನೇ, ಏಳನೇ ಸೆಮಿಸ್ಟರ್‌ಗೆ, ಆಮೇಲೆ ಇಂಟರ್ನ್‌ಶಿಪ್‌ಗೆ ಹಂಚಿದ್ದಾರೆ. ಹೊಸ ಪಠ್ಯದ ಮೇಲೆ ನನಗೊಂದು ತಕರಾರಿದೆ, ಕೌಶಲಗಳ ಪಟ್ಟಿ ಬೆಳೀತಾ ಹೋಯ್ತು, ಮಕ್ಕಳ ಜೊತೆ ನಿಲ್ಲೋ ಟ್ಯೂಟರ್‌ಗಳು ಅಷ್ಟು ಬೆಳೀಲಿಲ್ಲ. ಅದಿರಲಿ. ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ. ದೊಡ್ಡವರ ವಾರ್ಡಿನಲ್ಲಿ ಆರು ವಾರ. ಮಕ್ಕಳು, ಮಾನಸಿಕ ಆರೋಗ್ಯ, ಸಮುದಾಯ, ಹೆರಿಗೆ, ನಾಲ್ಕಕ್ಕೂ ನಾಲ್ಕು ನಾಲ್ಕು ವಾರ. ಸಾವಿರಕ್ಕೂ ಮೀರಿದ ಗಂಟೆ ಆಯ್ತಲ್ಲ, ಆಗ ಅವಳು ವಿದ್ಯಾರ್ಥಿನಿ ಅನ್ನೋದಕ್ಕಿಂತ ಅರ್ಧ ಸ್ಟಾಫೇ. ರಾತ್ರಿ ಪಾಳಿನೂ ಮಾಡ್ತಾಳೆ, ಪಾಳಿ ಬದಲಾಗುವಾಗ ರೋಗಿಗಳ ವಿವರ ಮುಂದಿನವರಿಗೆ ಒಪ್ಪಿಸೋದೂ ಕಲೀತಾಳೆ.

ಅಣ್ಣ: ಇಂಗ್ಲಿಷಿನ ಭಯ ಇದೆ ಅವಳಿಗೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ.

ತಂಗಿ: ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಲ್ಲೇ. ಮೊದಲ ಆರು ತಿಂಗಳು ಕಷ್ಟ ಪಡ್ತಾಳೆ, ಸುಳ್ಳು ಹೇಳಲ್ಲ. ಆದರೆ ವಾರ್ಡಿಗೆ ಹೋದ ಮೇಲೆ ಮಾತು ತಿರುಗತ್ತೆ. ಹೊಟ್ಟೆ ತೊಳಸತ್ತೆ, ಎದೆ ಹಿಡಿದ ಹಾಗಾಗತ್ತೆ, ಕಣ್ಣು ಕತ್ತಲೆ ಬರತ್ತೆ, ಜುಮ್ ಅನ್ನತ್ತೆ ಅಂತ ಅಜ್ಜಿಯೊಬ್ಬರು ಹೇಳಿದ್ರೆ ನಾಲ್ಕಕ್ಕೂ ಇರೋ ವ್ಯತ್ಯಾಸ ನಿನ್ನ ಮಗಳಿಗೆ ತಕ್ಷಣ ಗೊತ್ತಾಗತ್ತೆ. ಹೊರರಾಜ್ಯದಿಂದ ಬಂದು ಚೆನ್ನಾಗಿ ಇಂಗ್ಲಿಷ್ ಮಾತಾಡೋ ಹುಡುಗಿ ಆಗ ಇವಳ ಮುಖ ನೋಡ್ತಾಳೆ.

ಅಣ್ಣ: ಅದೊಂದು ಸಮಾಧಾನ. ನಮ್ಮ ಪಕ್ಕದ ಮನೆ ಹುಡುಗಿ ಜಿ.ಎನ್.ಎಂ. ಮಾಡಿದಾಳಲ್ಲ, ಅದು ಬೇರೆನಾ?

ತಂಗಿ: ಅದು ಮೂರು ವರ್ಷದ ಡಿಪ್ಲೊಮಾ. ಆರ್ಟ್ಸ್, ಕಾಮರ್ಸ್ ಓದಿದವರೂ ಸೇರ್ಬಹುದು. ಅದನ್ನ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಿ ಬಿ.ಎಸ್ಸಿ. ಪಡೀಬಹುದು. ಇಗ್ನೋದಲ್ಲಿ ದೂರಶಿಕ್ಷಣದಲ್ಲಿರೋ ಬಿ.ಎಸ್ಸಿ. ನರ್ಸಿಂಗ್ ಅಂದ್ರೆ ಈ ಪೋಸ್ಟ್ ಬೇಸಿಕ್, ಆಗಲೇ ನರ್ಸ್ ಆಗಿ ನೋಂದಣಿ ಆಗಿರೋರಿಗೆ. ಪಿಯುಸಿ ಮುಗಿಸಿದವರಿಗೆ ಮನೇಲಿ ಕೂತು ಮಾಡೋ ಬಿ.ಎಸ್ಸಿ. ನರ್ಸಿಂಗ್ ದೇಶದಲ್ಲೇ ಇಲ್ಲ. ಏಜೆಂಟನಿಗೆ ಇದನ್ನೂ ಹೇಳು.

ಅಣ್ಣ: ಡಿಗ್ರಿ ಬಂದ ತಕ್ಷಣ ಕೆಲಸಕ್ಕೆ ಹೋಗ್ಬಹುದಾ?

ತಂಗಿ: ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಸೂಲಗಿತ್ತಿ ಅಂತ ಎರಡೂ ಹೆಸರಲ್ಲಿ ನೋಂದಣಿ ಆಗ್ಬೇಕು. ಅದಿಲ್ಲದೆ ಡಿಗ್ರಿ ಬರೀ ಕಾಗದ. ಆಮೇಲೆ ದಾರಿ ತುಂಬಾ ಇದೆ. ಏಮ್ಸ್‌ನವರು ನಾರ್‌ಸೆಟ್ ಅಂತ ಪರೀಕ್ಷೆ ಮಾಡ್ತಾರೆ, ಕೇಂದ್ರದ ಆಸ್ಪತ್ರೆಗಳಿಗೆ. ರಾಜ್ಯದಲ್ಲಿ ಶುಶ್ರೂಷಾಧಿಕಾರಿ ಹುದ್ದೆ ಇದೆ. ಹಳ್ಳಿಗಳ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡ್ತಾರಲ್ಲ, ಸಮುದಾಯ ಆರೋಗ್ಯ ಅಧಿಕಾರಿ ಅಂತ, ಅವರಲ್ಲಿ ಬಹಳ ಜನ ಬಿ.ಎಸ್ಸಿ. ನರ್ಸಿಂಗ್‌ನವರು.

ಅಣ್ಣ: ನಮ್ಮೂರಿಗೂ ಒಬ್ಬಳು ಬಂದಿದ್ದಾಳೆ. ಹೆಂಗಸರೆಲ್ಲ ಡಾಕ್ಟರಮ್ಮ ಅಂತಲೇ ಕರೆಯೋದು.

ತಂಗಿ: ಹೊರದೇಶಕ್ಕೆ ಹೋಗೋ ಆಸೆ ಇದ್ರೂ ಇದೇ ಗಂಟೆಗಳ ಲೆಕ್ಕ ಮತ್ತೆ ಬರತ್ತೆ. ಅಲ್ಲಿನ ಕೌನ್ಸಿಲ್‌ಗಳು ಯಾವ ವಿಷಯಕ್ಕೆ ಎಷ್ಟು ಗಂಟೆ ತರಗತಿ, ಎಷ್ಟು ಗಂಟೆ ವಾರ್ಡು ಅಂತ ವಿವರ ತರಿಸ್ಕೊಳ್ತವೆ. ಬ್ರಿಟನ್ನಿನಲ್ಲಿ ಅವರದ್ದೇ ಮಕ್ಕಳಿಗೆ 4600 ಗಂಟೆ ಬೇಕು, ಅದರಲ್ಲಿ ಅರ್ಧ ರೋಗಿಗಳ ಜೊತೆ. ನಮ್ಮವರು ಅಲ್ಲಿಗೆ ಹೋದ್ರೆ ಕಂಪ್ಯೂಟರ್ ಪರೀಕ್ಷೆ ಆದ ಮೇಲೆ ಕೈಕೆಲಸದ ಪರೀಕ್ಷೆ ಇಡ್ತಾರೆ. ಒಂದೊಂದು ಮೇಜಿಗೆ ಒಂದೊಂದು ಕೆಲಸ, ಪಕ್ಕದಲ್ಲಿ ಪರೀಕ್ಷಕ. ನಿಂತ್ಕೊಂಡು ಮಾಡಿ ತೋರಿಸ್ಬೇಕು. ಅಲ್ಲಿ ಯಾರ ಹಾಜರಿ ಪುಸ್ತಕವೂ ಸಹಾಯಕ್ಕೆ ಬರಲ್ಲ.

ಅಣ್ಣ: ಒಟ್ಟಿನಲ್ಲಿ ಏಜೆಂಟ್ ನನಗೆ ಮಾರ್ತಿರೋದು ಆ ಡಿಗ್ರಿಯಿಂದ ವಾರ್ಡನ್ನ ಕಳೆದು ಉಳಿದದ್ದು.

ತಂಗಿ: ನೀನೇ ಹೇಳಿದೆ, ನಾನಲ್ಲ.

ಅಣ್ಣ: ನಿಮ್ಮತ್ತಿಗೆ ಹುಷಾರಿಲ್ಲದ್ದಕ್ಕೆ ಒಬ್ಬ ಹೆಂಗಸನ್ನ ಗೊತ್ತು ಮಾಡ್ತೀನಿ, ಅದು ನನ್ನ ತಲೆನೋವು. ಕಾಲೇಜು ಹೇಗೆ ಆರಿಸೋದು ಹೇಳು. ಎಲ್ಲ ಕಡೆ ಬಣ್ಣದ ಕಟ್ಟಡ, ಬಸ್ಸು, ಬೋರ್ಡು. ನನಗೆ ಒಂದೂ ತಿಳಿಯಲ್ಲ.

ತಂಗಿ: ಕಟ್ಟಡ ನೋಡ್ಬೇಡ. ಮೊದಲು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಈ ವರ್ಷದ ಪಟ್ಟಿಯಲ್ಲೂ ರಾಜ್ಯ ಕೌನ್ಸಿಲ್‌ನ ಪಟ್ಟಿಯಲ್ಲೂ ಹೆಸರಿದೆಯಾ ನೋಡು. 1947ರ ಹಳೇ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ನಿಯಮಗಳು ಬದಲಾಗ್ಬಹುದು, ಹಾಗಾಗಿ ಸೇರೋ ವರ್ಷದ ಪ್ರಾಸ್ಪೆಕ್ಟಸ್ಸನ್ನೇ ಓದು. ಅವಳಿಗೆ ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರು ಮಾಡಿಸು. ಮೂರು ಡೋಸ್, ಮುಗಿಯೋಕೆ ಆರು ತಿಂಗಳು ಬೇಕು, ವಾರ್ಡಿಗೆ ಹೋಗೋದು ಅದಕ್ಕೆ ಮೊದಲೇ ಶುರುವಾಗತ್ತೆ. ಕೌನ್ಸೆಲಿಂಗ್‌ನ ಆಪ್ಷನ್ ಎಂಟ್ರಿ ಮಾಡೋ ಮೊದಲು, ನಿಮಗೆ ಇಷ್ಟ ಆದ ಕಾಲೇಜುಗಳಿಗೆ ಅವಳನ್ನೂ ಕರ್ಕೊಂಡು ಹೋಗು. ಆಫೀಸಿಗೆ ಹೋಗ್ಬೇಡ, ಬೆಳಗ್ಗೆ ಎಂಟು ಗಂಟೆಗೆ ನೇರ ಅವರ ಆಸ್ಪತ್ರೆಗೆ ಹೋಗು. ಹಾಸಿಗೆಗಳಲ್ಲಿ ಎಷ್ಟರಲ್ಲಿ ರೋಗಿಗಳಿದ್ದಾರೆ ಎಣಿಸು. ಸಮವಸ್ತ್ರ ಹಾಕಿದ ಮಕ್ಕಳ ಜೊತೆ ಟ್ಯೂಟರ್ ಇದ್ದಾರಾ ನೋಡು. ಕೊನೇ ವರ್ಷದ ಒಬ್ಬಳನ್ನ ಪಕ್ಕಕ್ಕೆ ಕರೆದು, ಇಲ್ಲಿವರೆಗೆ ಎಷ್ಟು ಹೆರಿಗೆ ಮಾಡ್ಸಿದ್ದೀಯಮ್ಮ ಅಂತ ಕೇಳು. ಥಟ್ಟನೆ ಸಂಖ್ಯೆ ಹೇಳಿದ್ರೆ ಆ ಕಾಲೇಜನ್ನ ಪಟ್ಟಿಯ ಮೇಲೆ ಹಾಕು. ಪ್ರಿನ್ಸಿಪಾಲರನ್ನ ಕೇಳಿ ಹೇಳ್ತೀನಿ ಅಂದ್ರೆ ಆ ಕಾಲೇಜಿನ ಹೆಸರೇ ಬಿಟ್ಟುಬಿಡು.